ಡೈರಿ ಮುಂದೆ, ಕೆರೆ ಏರಿ ಮೇಲೆ ನಾವು ಮಾಡಿದ ರಸ್ತೆ ಪಾಠ

ನಮ್ಮ ಮದ್ದೂರು ಮಳವಳ್ಳಿ ಕಡೆ ರಸ್ತೆಗಳಲ್ಲಿ ಡಿಸೆಂಬರ್ ಜನವರಿ ಬಂತು ಅಂದ್ರೆ ನಂಗೆ ಭಯ. ಕಬ್ಬಿನ ಗಾಡಿಗಳು ಹಗಲು ರಾತ್ರಿ ಓಡ್ತಾ ಇರ್ತವೆ, ರಾಗಿ ಹುರುಳಿ ಕಟಾವಾಗಿ ಒಕ್ಕಣೆಗೆ ಅಂತ ರಸ್ತೆ ಮೇಲೇ ಹರಡಿರ್ತಾರೆ, ಸಂಜೆ ಆರೂವರೆಗೆಲ್ಲಾ ಕತ್ತಲು, ಬೆಳಿಗ್ಗೆ ಮಂಜು. ಇದರ ಮಧ್ಯದಲ್ಲೇ ಕ್ಯಾನ್ ಕಟ್ಕೊಂಡು ಡೈರಿಗೆ ಹೋಗೋರು, ಸ್ಕೂಲಿಗೆ ಸೈಕಲ್ ತುಳಿಯೋ ಮಕ್ಕಳು, ಗಾರ್ಮೆಂಟ್ಸ್ ಬಸ್ಸಿಗೆ ಕಾಯೋ ಹೆಣ್ಣುಮಕ್ಕಳು, ವಾಕಿಂಗ್ ಹೋಗೋ ಶುಗರ್ ಇರೋ ಅಜ್ಜಂದ್ರು. ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಾದ್ರೆ 2023ರ ಆಗಸ್ಟ್ 1ರಿಂದ ಬೈಕು ಆಟೋ ಟ್ರ್ಯಾಕ್ಟರ್ ಮೇನ್ ರೋಡಿಗೆ ಬಿಡಲ್ಲ, ಕ್ಯಾಮೆರಾನೂ ಹಾಕಿದ್ದಾರೆ. ನಮ್ಮೂರ ರಸ್ತೆಲಿ ಹಂಗಿಲ್ಲ, ಲಾರಿ, ಎಮ್ಮೆ, ಮಗು ಎಲ್ಲಾ ಒಂದೇ ಟಾರಲ್ಲಿ ಹೋಗ್ಬೇಕು, ಫುಟ್‌ಪಾತ್ ಅನ್ನೋದೇ ಇಲ್ಲ.

ಜನವರಿಲಿ ರಸ್ತೆ ಸುರಕ್ಷತಾ ಮಾಸಾಚರಣೆ ಬರುತ್ತಲ್ಲ, ಈ ಸಲ ಪಂಚಾಯ್ತಿಯವರು ನಮ್ಮ ಯುವಕ ಸಂಘದವರನ್ನ ಕರೆದು ನೀವೇ ಊರೊಳಗೆ ಏನಾದ್ರೂ ಮಾಡಿ ಅಂದ್ರು. ನಾನು ದಿನಾ ಮಂಡ್ಯಕ್ಕೆ ಸ್ಕೂಟರಲ್ಲಿ ಕೆಲಸಕ್ಕೆ ಹೋಗಿ ಬರೋಳು, ಆ ರಸ್ತೆಯ ಒಂದೊಂದು ಗುಂಡಿನೂ ಗೊತ್ತು, ಅದಕ್ಕೆ ಜವಾಬ್ದಾರಿ ನನ್ ತಲೆ ಮೇಲೆ ಬಂತು. ಜೊತೆಗೆ ಹೈಸ್ಕೂಲಿನ ಪಿಇ ಮೇಷ್ಟ್ರು, ಡೈರಿ ಸೆಕ್ರೆಟರಿ ಮಾವ, ಸ್ತ್ರೀಶಕ್ತಿ ಸಂಘದ ಇಬ್ಬರು ಅಕ್ಕಂದಿರು, ನಮ್ಮ ಬೀಟ್ ಪೊಲೀಸಣ್ಣ. ಮೊದಲನೇ ಮೀಟಿಂಗಲ್ಲೇ ಪೊಲೀಸಣ್ಣ ಒಂದು ಮಾತು ಹೇಳಿದ್ರು, "ಮೇಡಂ ದಂಡದ ಲೆಕ್ಕ ನೀವು ಹೇಳ್ಬೇಡಿ, ಅದನ್ನ ನಾವು ಹೇಳ್ತೀವಿ, ನೀವು ಹೇಳಿದ್ರೆ ಜನ ನಿಮ್ಮನ್ನೂ ಪೊಲೀಸ್ ಥರ ನೋಡ್ತಾರೆ, ನೀವು ಬೇರೆ ಏನಾದ್ರೂ ತೋರಿಸಿ" ಅಂತ. ತೋರಿಸಿ ಅನ್ನೋ ಆ ಮಾತನ್ನೇ ಹಿಡ್ಕೊಂಡು ಎಲ್ಲಾ ಪ್ಲಾನ್ ಮಾಡಿದ್ವಿ. ಭಾಷಣ ಬೇಡ, ಗಾಡಿ ಓಡಿಸೋರಿಗೆ ನಡೆಯೋರ ಕಷ್ಟ ಕಾಣಬೇಕು, ನಡೆಯೋರಿಗೆ ಡ್ರೈವರ್ ಸೀಟಿಂದ ಏನು ಕಾಣುತ್ತೆ ಏನು ಕಾಣಲ್ಲ ಅಂತ ಗೊತ್ತಾಗ್ಬೇಕು, ಅಷ್ಟೇ.

ಜನ ಸೇರಿಸೋಕೆ ಡೈರಿಗಿಂತ ಒಳ್ಳೆ ಜಾಗ ಇಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನ ಪ್ರತಿ ಮನೆಯಿಂದ ಒಬ್ಬರಾದ್ರೂ ಬಂದೇ ಬರ್ತಾರೆ, ಫ್ಯಾಟ್ ನೋಡಿ ಚೀಟಿ ಕೊಡೋ ತನಕ ಕ್ಯೂನಲ್ಲಿ ನಿಂತಿರ್ತಾರೆ. ಸೆಕ್ರೆಟರಿ ಮಾವ ಗೋಡೆ ಮೇಲೆ ಎರಡು ಸಾಲು ಬರೆಸಿದ್ರು, 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಅದರಲ್ಲಿ ನಡ್ಕೊಂಡು ಹೋಗ್ತಿದ್ದವರು 32,825. ಕೇಂದ್ರ ಸಾರಿಗೆ ಇಲಾಖೆ ರಿಪೋರ್ಟಿನ ಅಂಕಿ ಇದು. ಒಬ್ಬ ಅಜ್ಜ ಬಂದು ಅದನ್ನ ಅಕ್ಷರ ಅಕ್ಷರ ಓದಿ "ನಡ್ಕಂಡ್ ಹೋಗೋರೂ ಇಷ್ಟ್ ಜನ ಸಾಯ್ತರಾ ಅವ್ವ?" ಅಂತ ಕೇಳಿದ್ರು, ಮಾತು ಅಲ್ಲಿಂದಲೇ ಶುರು ಆಯ್ತು.

ನಡೆಯೋರ ವಿಷಯಕ್ಕೇ ಮೊದಲು ಬಂದ್ವಿ. ಫುಟ್‌ಪಾತ್ ಇಲ್ಲದ ರಸ್ತೆಲಿ ಬಲಗಡೆ ನಡೀಬೇಕು, ಎದುರಿಂದ ಬರೋ ಗಾಡಿ ಕಣ್ಣಿಗೆ ಕಾಣೋ ಹಂಗೆ. ಇದನ್ನ ಒಪ್ಪಿಸೋಕೆ ಭಾರಿ ಕಷ್ಟ ಆಯ್ತು, ಯಾಕಂದ್ರೆ ನಮ್ಮಲ್ಲಿ ಎಲ್ರಿಗೂ ಚಿಕ್ಕಂದಿನಿಂದ ಎಡಗಡೆ ಎಡಗಡೆ ಅಂತಲೇ ಹೇಳ್ಕೊಟ್ಟಿರೋದು. ಒಬ್ಬ ಅಜ್ಜಿ ಅಂತೂ "ನಮ್ ಮೇಷ್ಟ್ರು ಕೈ ಮೇಲೆ ಹೊಡ್ದು ಎಡಕ್ಕೆ ಹೋಗು ಅಂತ ಕಲ್ಸವ್ರೆ, ನೀನು ಬಂದು ಬಲಕ್ಕೆ ಅಂತೀಯಲ್ಲ ಮಗ" ಅಂತ ಜಗಳಕ್ಕೇ ನಿಂತ್ರು. ಎಡಗಡೆ ಅನ್ನೋದು ಗಾಡಿಗೆ ಅಜ್ಜಿ, ಸೈಕಲ್ಲಿಗೂ ಎಡಗಡೆನೇ, ಕಾಲಲ್ಲಿ ನಡೆಯೋರು ಎಡಗಡೆ ಹೋದ್ರೆ ಗಾಡಿ ಬೆನ್ನ ಹಿಂದಿಂದ ಬರುತ್ತೆ, ಅದು ಗುಂಡಿ ತಪ್ಪಿಸೋಕೆ ನಮ್ ಕಡೆ ಎಳೆದ್ರೆ ನಮಗೆ ಗೊತ್ತೇ ಆಗಲ್ಲ, ಎದುರಿಂದ ಬಂದ್ರೆ ಒಂದು ಹೆಜ್ಜೆ ಮಣ್ಣಿಗೆ ಇಳಿಯೋಕಾದ್ರೂ ಟೈಮ್ ಸಿಗುತ್ತೆ ಅಂದೆ. ಅಜ್ಜಿ ಬಾಯಲ್ಲಿ ಒಪ್ಪಲಿಲ್ಲ. ಪಕ್ಕದಲ್ಲಿ ಹಾಲಿನ ಕ್ಯಾನ್ ಇಳಿಸ್ತಿದ್ದ ಅವರ ಮಗ ಮಾತ್ರ, ಹೌದು ಕಣವ್ವ ನಂಗೂ ಗಾಡಿ ಓಡಿಸ್ಬೇಕಾದ್ರೆ ಎದುರು ಮುಖ ಮಾಡ್ಕಂಡು ಬರೋರು ಬೇಗ ಕಾಣ್ತಾರೆ ಅಂದ್ರು. ಅದು ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡ್ತು.

ಆಮೇಲೆ ಸ್ಕೂಲ್ ಗ್ರೌಂಡ್. ಪಿಇ ಮೇಷ್ಟ್ರು ಸ್ಪೋರ್ಟ್ಸ್ ಡೇಗೆ ಟ್ರ್ಯಾಕ್ ಹಾಕೋ ಸುಣ್ಣದ ಪುಡಿ ತಂದು ನೆಲದ ಮೇಲೆ ಅಳತೆ ಟೇಪ್ ಹಿಡಿದು ಗೆರೆ ಎಳೆದ್ರು. ಗಂಟೆಗೆ 40 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿರೋ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ, ಅಂದ್ರೆ ಅಡ್ಡ ಬಂದ ಮಗುನ ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಬೀಳೋ ಹೊತ್ತಿಗೇ 11 ಮೀಟರ್ ಖಾಲಿ. ಅಲ್ಲೊಂದು ಗೆರೆ. ಬ್ರೇಕ್ ಹಿಡಿದ ಮೇಲೆ, ರಸ್ತೆ ಒಣಗಿದ್ದು ಟೈರ್ ಚೆನ್ನಾಗಿದ್ರೆ, ಇನ್ನೊಂದು ಒಂಬತ್ತು ಹತ್ತು ಮೀಟರ್. ಅಲ್ಲೊಂದು ಗೆರೆ. ಅದೇ 60ರಲ್ಲಿ ಹೋದ್ರೆ ಬ್ರೇಕ್ ಒತ್ತೋಕೆ ಮುಂಚೆನೇ ಹತ್ತತ್ರ 17 ಮೀಟರ್, ಆಮೇಲೆ ಇಪ್ಪತ್ತು ಮೀಟರ್ ಆಸುಪಾಸು. ಮೊದಲನೇ ಗಾಡಿ ಪೂರ್ತಿ ನಿಂತ ಗೆರೆ ಹತ್ರ ಎರಡನೇ ಗಾಡಿ ಈಗತಾನೇ ಬ್ರೇಕ್ ಹಿಡಿಯೋಕೆ ಶುರು ಮಾಡಿರುತ್ತೆ. ಆ ಗೆರೆ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಇದು ನಿಮ್ಮ ಮಗು ಅನ್ಕೊಳ್ಳಿ ಅಂದ್ರು ಮೇಷ್ಟ್ರು. ದಿನಾ ಬುಲೆಟ್‌ನಲ್ಲಿ ಗುಡುಗೋ ಹುಡುಗರು ಸುಮ್ನೆ ನಿಂತು ಆ ಕುರ್ಚಿ ನೋಡ್ತಿದ್ರು. ಸ್ಪೀಡ್ ಒಂದೂವರೆ ಪಟ್ಟಾದ್ರೆ ಬ್ರೇಕ್ ಹಿಡಿಯೋ ದೂರ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತೆ ಅನ್ನೋದು ಬೋರ್ಡ್ ಮೇಲೆ ಬರೆದ್ರೆ ಫಿಸಿಕ್ಸ್, ಗ್ರೌಂಡಲ್ಲಿ ಹೆಜ್ಜೆ ಹಾಕಿ ನಡೆದು ನೋಡಿದ್ರೆ ಹೊಟ್ಟೆ ತೊಳಸುತ್ತೆ. ಒಬ್ಬ ಹುಡುಗ 80ಕ್ಕೂ ಗೆರೆ ಎಳೀರಿ ಸರ್ ಅಂದ, ಗ್ರೌಂಡ್ ಗೇಟ್ ಹತ್ರಕ್ಕೆ ಹೋಯ್ತು ಅದು.

ಅದೇ ಗ್ರೌಂಡಿಗೆ ಊರಿನ ಒಬ್ಬರು ಅಣ್ಣ ಅವರ ಲಾರಿ ತಂದು ನಿಲ್ಲಿಸಿದ್ರು, ಇಂಜಿನ್ ಆಫ್, ಕೀ ಮೇಷ್ಟ್ರ ಜೇಬಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು. ಮಕ್ಕಳನ್ನ ಒಬ್ಬೊಬ್ಬರಾಗಿ ಡ್ರೈವರ್ ಸೀಟಿಗೆ ಹತ್ತಿಸಿ, ಉಳಿದವರನ್ನ ಸೈಕಲ್ ಸಮೇತ ಲಾರಿ ಎಡಗಡೆ ಮುಂದಿನ ಚಕ್ರದ ಪಕ್ಕ ನಿಲ್ಲಿಸಿದ್ವಿ. ಮೇಲೆ ಕೂತ ಹುಡುಗಿ ಒಂಬತ್ತನೇ ಕ್ಲಾಸು, ಕನ್ನಡಿ ನೋಡಿದ್ಲು, ಬಗ್ಗಿ ನೋಡಿದ್ಲು, "ಯಾರೂ ಇಲ್ವಲ್ಲಾ" ಅಂದ್ಲು. ಕೆಳಗೆ ಅವಳ ತಂಗಿನೂ ಇನ್ನೂ ನಾಲ್ಕು ಜನನೂ ನಿಂತಿದ್ರು. ತಂಗಿ ಬೆಲ್ ಹೊಡೆದಾಗ ಅವಳ ಮುಖ ನೋಡ್ಬೇಕಿತ್ತು. ಲಾರಿ, ಬಸ್ಸು ಎಡಕ್ಕೆ ತಿರುಗ್ತಿರುವಾಗ ಎಡಸಂದಿಲಿ ಸೈಕಲ್ ತೂರಿಸ್ಬೇಡಿ, ಹಿಂದೆನೇ ನಿಲ್ಲಿ, ಡ್ರೈವರ್ ಮುಖ ನಿಮಗೆ ಕನ್ನಡಿಲಿ ಕಂಡ್ರೆ ಮಾತ್ರ ಅವರಿಗೆ ನೀವು ಕಾಣ್ತೀರ ಅಂತ ಲಾರಿ ಅಣ್ಣನೇ ಹೇಳಿದ್ರು. ಬಸ್ಸಿಂದ ಇಳಿದು ಬಸ್ಸಿನ ಮುಂದೆ ಓಡೋ ಚಾಳಿ ಬಗ್ಗೆನೂ ಅಲ್ಲೇ ಹೇಳಿದ್ವಿ, ಬಸ್ಸು ಹೋದ ಮೇಲೆ ದಾಟಿ ಅಂತ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸ್ಟಾಪಲ್ಲಿ ಹೆಣ್ಣುಮಕ್ಕಳು ಮುಂಚಿಗಿಂತ ಬಹಳ ಜಾಸ್ತಿ ಇಳಿತಾರೆ ಹತ್ತುತಾರೆ, ಒಳ್ಳೇದೇ, ಆದ್ರೆ ಸ್ಟಾಪು ತಿರುವಿನಲ್ಲಿದೆ, ದಾಟೋರಿಗೆ ಗಾಡಿ ಕಾಣಲ್ಲ.

ಸೈಕಲ್ ವಿಷಯ ಹೇಳ್ಬೇಕು. ಸರ್ಕಾರ 2006-07ರಲ್ಲಿ ಶುರು ಮಾಡಿ 8ನೇ ಕ್ಲಾಸಿನ ಮಕ್ಕಳಿಗೆ ಕೊಡ್ತಿದ್ದ ಸೈಕಲ್ ಕೋವಿಡ್ ಟೈಮಲ್ಲಿ ನಿಂತೋಯ್ತು, ಹಂಗಾಗಿ ನಮ್ಮೂರಲ್ಲಿ ಇರೋದೆಲ್ಲಾ ಅಕ್ಕನಿಂದ ತಂಗಿಗೆ, ಪಕ್ಕದ ಮನೆಯಿಂದ ಈ ಮನೆಗೆ ಬಂದ ಹಳೇ ಸೈಕಲ್ಲುಗಳೇ. ಬ್ರೇಕ್ ಕಟ್ಟೆ ಸವೆದಿರುತ್ತೆ, ಹಿಂದಿನ ಕೆಂಪು ರಿಫ್ಲೆಕ್ಟರ್ ಯಾವಾಗ್ಲೋ ಬಿದ್ದೋಗಿರುತ್ತೆ. ಊರಿನ ಪಂಕ್ಚರ್ ಅಂಗಡಿ ಅಣ್ಣ ಒಂದು ಭಾನುವಾರ ಪೂರ್ತಿ ಕೂತು ಬರೀ ಬ್ರೇಕ್ ಕಟ್ಟೆ ದುಡ್ಡು ಮಾತ್ರ ಇಸ್ಕೊಂಡು ಎಲ್ಲಾ ಸೈಕಲ್ ನೋಡ್ಕೊಟ್ರು, ಮಡ್‌ಗಾರ್ಡ್‌ಗೆ ನಾವು ಕೆಂಪು ರೇಡಿಯಂ, ಅಂದ್ರೆ ಲೈಟ್ ಬಿದ್ರೆ ಹೊಳೆಯೋ ಸ್ಟಿಕ್ಕರ್, ಅಂಟಿಸಿದ್ವಿ. ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ ಮಕ್ಕಳಿಗೆ ಎಡಗಡೆ ಹೋಗಿ, ಕೈ ತೋರಿಸಿ ತಿರುಗಿ, ಮೂರು ಜನ ಅಕ್ಕಪಕ್ಕ ತುಳಿಬೇಡಿ ಅಂತ ಎಷ್ಟು ಹೇಳಿದ್ರೂ ಬ್ರೇಕೇ ಇಲ್ಲದ ಸೈಕಲ್ ಮೇಲೆ ಅದೆಲ್ಲಾ ಏನಕ್ಕೆ ಬರುತ್ತೆ. ಬ್ರೇಕ್ ಕಟ್ಟೆ ಹಾಕ್ಸೋದೂ ರಸ್ತೆ ಪಾಠನೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಿಜವಾಗ್ಲೂ ಎಲ್ಲರನ್ನೂ ಅಲ್ಲಾಡಿಸಿದ್ದು ಕೆರೆ ಏರಿ ಮೇಲೆ ರಾತ್ರಿ ಮಾಡಿದ್ದು. ಪೊಲೀಸಣ್ಣ ಏರಿಯ ಎರಡೂ ಕಡೆ ಬ್ಯಾರಿಕೇಡ್ ಹಾಕಿಸಿ ಗಾಡಿ ಬಿಡದಂಗೆ ನೋಡ್ಕೊಂಡ್ರು. ಒಂದು ಟ್ರ್ಯಾಕ್ಟರು ಎರಡು ಬೈಕು ನಿಲ್ಲಿಸಿ ಡಿಮ್ ಲೈಟ್ ಹಾಕಿ, ಡ್ರೈವರ್‌ಗಳನ್ನ ಸೀಟಲ್ಲಿ ಕೂರಿಸಿದ್ವಿ. ದೂರದ ಕತ್ತಲಿಂದ ಇಬ್ಬರು ನಿಧಾನಕ್ಕೆ ನಡ್ಕೊಂಡು ಬರೋದು, ಕಂಡ ತಕ್ಷಣ ಹಾರನ್ ಹೊಡೀಬೇಕು, ಅವರು ಅಲ್ಲೇ ನಿಲ್ಲಬೇಕು, ಅಷ್ಟೇ ಆಟ. ಮೊದಲನೆಯವನು ಕಪ್ಪು ಜರ್ಕಿನ್ ಹಾಕಿದ್ದ. ಅವನ ಚಪ್ಪಲಿ ಸದ್ದು ನಮಗೆ ಕೇಳಿಸ್ತಿದೆ, ಡ್ರೈವರ್‌ಗಳು ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾನೇ ಇದ್ದಾರೆ, ಹಾರನ್ ಹೊಡೀತಿಲ್ಲ. ಹೊಡೆಯೋ ಹೊತ್ತಿಗೆ ಅವನು ಎಷ್ಟು ಹತ್ತಿರ ಬಂದುಬಿಟ್ಟಿದ್ದ ಅಂದ್ರೆ ಮೇಷ್ಟ್ರು ಗ್ರೌಂಡಲ್ಲಿ ಎಳೆದಿದ್ದ 60ರ ಗೆರೆಯ ಒಳಗೇ ಇದ್ದ. ಎರಡನೆಯವನು ಹೆಗಲ ಮೇಲೆ ಬಿಳಿ ಟವೆಲ್ ಹಾಕಿದ್ದ, ಅವನು ಬಹಳ ಮುಂಚೆ ಕಂಡ. ಕೊನೆಗೆ ಅದೇ ಕಪ್ಪು ಜರ್ಕಿನ್ ಹುಡುಗನ ತೋಳಿಗೂ ಕಾಲಿನ ಗಂಟಿಗೂ ಒಂದೊಂದು ತುಂಡು ರೇಡಿಯಂ ಸುತ್ತಿ ಕಳಿಸಿದ್ವಿ, ಏರಿಯ ಆ ತುದಿಲಿ ತಿರುಗಿ ನಿಂತ ತಕ್ಷಣವೇ ಮೂರೂ ಹಾರನ್ನು ಒಟ್ಟಿಗೆ ಹೊಡ್ಕೊಂಡ್ವು. ನಡೆಯುವಾಗ ಕಾಲು ಆಡುತ್ತಲ್ಲ, ಕಾಲಿನ ರೇಡಿಯಂ ಮೇಲೆ ಕೆಳಗೆ ಆಡಿ, ಇದು ಮನುಷ್ಯನೇ ಅಂತ ಗೊತ್ತಾಗುತ್ತೆ.

ಟ್ರ್ಯಾಕ್ಟರ್ ಓಡಿಸೋ ಒಬ್ಬರು ಮಾವ ಕೆಳಗಿಳಿದು ಬಂದು ನನ್ನ ಹತ್ರ, "ನಾನು ಇಪ್ಪತ್ತು ವರ್ಷದಿಂದ ಕಬ್ಬು ಹೊಡೀತಿದ್ದೀನಿ ಕಣವ್ವ, ಹಿಂದಿಂದ ಬರೋರಿಗೆ ನಾನು ಹೆಂಗೆ ಕಾಣ್ತೀನಿ ಅಂತ ಒಂದ್ ದಿನಾನೂ ನೋಡಿರ್ಲಿಲ್ಲ" ಅಂದ್ರು. ಕಬ್ಬಿನ ಗಾಡಿ ತೊಂದರೆ ಅಲ್ಲೇ ಇರೋದು. ಟ್ರೇಲರ್‌ಗೆ ಎಷ್ಟೋ ಸಲ ಲೈಟಿನ ವೈರ್ ಕನೆಕ್ಷನ್ನೇ ಇರಲ್ಲ, ಇದ್ರೂ ಹಿಂದಕ್ಕೆ ಚಾಚಿರೋ ಕಬ್ಬಿನ ಸೋಗೆ ಲೈಟನ್ನೂ ರೇಡಿಯಮನ್ನೂ ಮುಚ್ಚಿಬಿಡುತ್ತೆ. ರೂಲ್ ಪ್ರಕಾರ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ರೇಡಿಯಂ ಇರ್ಬೇಕು, ಆದ್ರೆ ಬಾಡಿಗೆ ಅಂಟಿಸಿದ್ದು ಲೋಡಾದ ಮೇಲೆ ಕಾಣಲ್ಲ. ಅದಕ್ಕೆ ಆ ಮಾವನೇ ಉಪಾಯ ಮಾಡಿದ್ರು, ಒಂದು ಹಳೇ ಹಲಗೆಗೆ ಪೂರ್ತಿ ಕೆಂಪು ರೇಡಿಯಂ ಹೊಡೆದು, ಲೋಡ್ ಆದ ಮೇಲೆ ಕಬ್ಬಿನ ತುದಿಗೆ ಹಗ್ಗದಲ್ಲಿ ಇಳಿಬಿಡೋದು, ಫ್ಯಾಕ್ಟರಿಲಿ ಅನ್‌ಲೋಡ್ ಮಾಡುವಾಗ ಬಿಚ್ಚಿ ಸೀಟ್ ಕೆಳಗೆ ಇಡೋದು. ಊರಿನ ಕಬ್ಬಿನ ಗಾಡಿಗಳಿಗೆಲ್ಲಾ ಹಂಗೇ ಹಲಗೆ ಮಾಡಿದ್ವಿ. ಪಂಕ್ಚರ್ ಆಗಿ ಗಾಡಿ ರಸ್ತೆಲಿ ನಿಂತ್ರೆ ಬರೀ ಸೊಪ್ಪು ಕಲ್ಲು ಇಡೋ ಬದಲು ಅದೇ ಹಲಗೆನ ಸಾಕಷ್ಟು ಹಿಂದೆ ಒರಗಿಸಿಡಿ ಅಂತನೂ ಹೇಳ್ಕೊಂಡ್ವಿ, ಮತ್ತೆ ಹೋಗುವಾಗ ಕಲ್ಲು ಎತ್ತಿ ಪಕ್ಕಕ್ಕೆ ಹಾಕಿ ಹೋಗಿ ಅಂತ ಕೈ ಮುಗಿದು ಕೇಳ್ಕೊಂಡ್ವಿ, ಆ ಬಿಟ್ಟೋದ ಕಲ್ಲಿಗೆ ಬೈಕಿನವರು ಬೀಳ್ತಾರೆ.

ಒಕ್ಕಣೆ ವಿಷಯದಲ್ಲಿ ಮಾತ್ರ ಬಿಸಿ ಬಿಸಿ ಆಯ್ತು. ಹುರುಳಿ ಸೊಪ್ಪು ರಸ್ತೆ ಮೇಲೆ ಹಾಕಿದ್ರೆ ಬೈಕ್ ಜಾರುತ್ತೆ, ಕಾರಿನ ಅಡಿಗೆ ಸುತ್ಕೊಂಡು ಬಿಸಿಗೆ ಬೆಂಕಿ ಹತ್ತಿರೋದೂ ಇದೆ, ಇದು ಎಲ್ರಿಗೂ ಗೊತ್ತು. ಆದ್ರೆ ರೈತರು ಹೇಳೋದನ್ನೂ ಕೇಳ್ಬೇಕು. ಒಬ್ಬರು ಅಕ್ಕ ಎದ್ದು ನಿಂತು, "ಮೊದ್ಲು ಹೊಲದಲ್ಲಿ ಕಣ ಮಾಡ್ತಿದ್ವಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಸ್ತಿದ್ವಿ, ಈಗ ಎತ್ತು ಇಲ್ಲ, ಆಳಿಲ್ಲ, ಮಿಷಿನ್ನಿಗೆ ಗಂಟೆ ಲೆಕ್ಕದಲ್ಲಿ ದುಡ್ಡು, ನಾಲ್ಕು ಮೂಟೆ ಹುರುಳಿಗೆ ಎಲ್ಲಿಂದ ತರೋಣ, ನೀವೇ ಹೇಳಿ" ಅಂದ್ರು. ಅವರಿಗೆ ರಸ್ತೆ ಮೇಲೆ ಹಾಕ್ಬೇಡಿ ಅಂತ ಬರೀ ಬೋರ್ಡ್ ಹಾಕಿದ್ರೆ ನ್ಯಾಯ ಅಲ್ಲ. ಪಿಡಿಒ ಅವರು ನರೇಗಾದಲ್ಲಿ ಒಕ್ಕಣೆ ಕಣ ಮಾಡಿಸೋಕೆ ಅವಕಾಶ ಇದೆ ಅಂದ್ರು, ಗ್ರಾಮಸಭೆಲಿ ಅರ್ಜಿ ಹಾಕಿದ್ದೀವಿ. ಅಲ್ಲಿ ತನಕ ಅಂತ ದೇವಸ್ಥಾನದ ಮುಂದಿನ ಕಾಂಕ್ರೀಟ್ ಜಾಗವನ್ನ ಮನೆ ಮನೆಗೆ ಸರದಿ ಹಾಕಿ ಬಿಟ್ಟುಕೊಟ್ರು ಊರ ಯಜಮಾನ್ರು. ಎಲ್ರೂ ಅಲ್ಲಿಗೇ ಬಂದ್ರು ಅಂತ ಹೇಳಲ್ಲ, ಈಗಲೂ ಊರಾಚೆ ರಸ್ತೆಲಿ ಒಂದೆರಡು ಕಡೆ ಹಾಕೇ ಹಾಕ್ತಾರೆ, ಆದ್ರೆ ತಿರುವಿನಲ್ಲಿ, ಸ್ಕೂಲ್ ಹತ್ರ ಪೂರ್ತಿ ನಿಂತಿದೆ, ಕತ್ತಲಾಗೋಕೆ ಮುಂಚೆ ಗುಡಿಸಿ ಎತ್ತುತ್ತಾರೆ.

ಹೆಲ್ಮೆಟ್ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ರಿಗೂ ಗೊತ್ತಿರೋದೇ. 2022ರ ಅದೇ ರಿಪೋರ್ಟಲ್ಲಿ ಹೆಲ್ಮೆಟ್ ಇಲ್ಲದೇ ಸತ್ತವರು 50,029 ಅಂತ ಇದೆ, ಅದರಲ್ಲಿ ಹಿಂದೆ ಕೂತವರೂ ಸೇರಿದ್ದಾರೆ. ಡೈರಿಗೆ ಅರ್ಧ ಕಿಲೋಮೀಟರ್ ಹೋಗೋಕೆ ಯಾಕೆ ಅನ್ನೋರೇ ಎಲ್ಲಾ. ಸೆಕ್ರೆಟರಿ ಮಾವ ತಾವೇ ದಿನಾ ಹಾಕ್ಕೊಂಡು ಬಂದು, ಡೈರಿ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ ತಗಲಾಕೋಕೆ ಜಾಗ ಮಾಡಿದ್ರು, ನಿಧಾನಕ್ಕೆ ಮೊಳೆಗಳು ತುಂಬ್ತಾ ಇವೆ. ಐಎಸ್ಐ ಮಾರ್ಕ್ ಇದ್ರೂ ಗಲ್ಲದ ಪಟ್ಟಿ ಹಾಕದಿದ್ರೆ ಬಿದ್ದಾಗ ಹೆಲ್ಮೆಟ್ಟು ಒಂದ್ ಕಡೆ ತಲೆ ಒಂದ್ ಕಡೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಅನ್ನೋದು ಮೋಟಾರು ವಾಹನ ಕಾಯ್ದೆಲೇ ಇದೆ, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೆಲ್ಟು, ಹೆಲ್ಮೆಟ್ಟು, 40ರ ಮೇಲೆ ಓಡಿಸಬಾರದು ಅಂತ 2022ರಲ್ಲಿ ರೂಲ್ ಮಾಡಿದ್ದಾರೆ. ಹದಿನಾರು ವರ್ಷದ ಹುಡುಗರ ಕೈಗೆ ಬೈಕ್ ಕೊಡೋ ಅಪ್ಪಂದ್ರಿಗೆ ಪೊಲೀಸಣ್ಣನೇ ಹೇಳಿದ್ರು, 2019ರ ತಿದ್ದುಪಡಿ ಆದ ಮೇಲೆ 25,000 ದಂಡ, ಮೂರು ವರ್ಷದವರೆಗೂ ಜೈಲು ಆಗಬಹುದು, ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಸಿಗಲ್ಲ ಅಂತ. ಆ ಕೊನೆ ಮಾತಿಗೆ ಅಪ್ಪಂದ್ರಿಗಿಂತ ಹುಡುಗರೇ ಗಾಬರಿ ಆದ್ರು.

ನಂಗೆ ತುಂಬಾ ಮುಖ್ಯ ಅನ್ಸಿದ್ದು ಆಕ್ಸಿಡೆಂಟ್ ಆದ ಮೇಲೆ ಏನ್ ಮಾಡ್ಬೇಕು ಅನ್ನೋ ಭಾಗ. ನಮ್ಮ ಜನ ಕಲ್ಲುಹೃದಯದವರಲ್ಲ, ಆದ್ರೆ ಪೊಲೀಸ್ ಸ್ಟೇಷನ್ನು ಕೋರ್ಟು ಅಂತ ಅಲೆಸ್ತಾರೆ ಅನ್ನೋ ಹೆದರಿಕೆಗೆ ದೂರ ನಿಲ್ತಾರೆ. ಕಾನೂನು ಬದಲಾಗಿದೆ. ಕೇಂದ್ರದ ಮೋಟಾರು ವಾಹನ ಕಾಯ್ದೆಲಿ ಸಹಾಯ ಮಾಡೋರನ್ನ ಕಾಪಾಡೋಕೆ 134ಎ ಅಂತ ಸೆಕ್ಷನ್ ಬಂದಿದೆ, ನಮ್ಮ ಕರ್ನಾಟಕದಲ್ಲಂತೂ ಸಹಾಯ ಮಾಡೋರ ರಕ್ಷಣೆಗೇ ಅಂತ ಬೇರೆ ಕಾನೂನೇ ಇದೆ, 2016ರಲ್ಲಿ ಮಾಡಿದ್ದು, 2018ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಗಾಯಾಳುನ ಆಸ್ಪತ್ರೆಗೆ ಸೇರಿಸಿದವರು ಹೆಸರು ವಿಳಾಸ ಹೇಳಲೇಬೇಕು ಅಂತಿಲ್ಲ, ಸಾಕ್ಷಿ ಆಗೋದು ಬಿಡೋದು ಅವರ ಇಷ್ಟ. ಇದನ್ನ ಯೂನಿಫಾರ್ಮ್ ಹಾಕಿದ ಪೊಲೀಸಣ್ಣ ಎಲ್ರ ಮುಂದೆ ಹೇಳಿದಾಗ ಹಿಂದಿನ ಸಾಲಲ್ಲಿ ಒಬ್ಬರು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡ್ಕೊಂಡ್ರು. ಆಮೇಲೆ ಪಿಎಚ್‌ಸಿ ಸಿಸ್ಟರ್ ಬಂದು ತೋರಿಸಿದ್ರು, ಬಿದ್ದವರ ಬಾಯಿಗೆ ನೀರು ಹಾಕ್ಬೇಡಿ, ಪ್ರಜ್ಞೆ ಇಲ್ಲದಾಗ ಅದು ಶ್ವಾಸಕೋಶಕ್ಕೆ ಹೋಗುತ್ತೆ, ಕೈ ಕಾಲು ಹಿಡಿದು ಮೂಟೆ ಥರ ಎತ್ತಬೇಡಿ, ಕತ್ತು ಬೆನ್ನು ಮುರಿದಿರಬಹುದು, ರಕ್ತ ಸುರೀತಿದ್ರೆ ಶುದ್ಧವಾದ ಬಟ್ಟೆ ಮಡಿಸಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ, ಯಾವ ಊರು ಯಾವ ಗೇಟು ಅಂತ ಸರಿಯಾಗಿ ಹೇಳಿ. ನೀರು ಹಾಕ್ಬಾರ್ದು ಅನ್ನೋದು ಸುಮಾರು ಜನಕ್ಕೆ ನಂಬೋಕೇ ಆಗಲಿಲ್ಲ, ಬಾಯಾರಿದವರಿಗೆ ನೀರು ಕೊಡ್ದೆ ಇರೋದು ಹೆಂಗೆ ಅಂತ. ಸಿಸ್ಟರ್ ತಾಳ್ಮೆಯಿಂದ ಮತ್ತೆ ಮತ್ತೆ ವಿವರಿಸಿದ್ರು.

ಬಸ್ ಸ್ಟಾಪನ್ನ ತಿರುವಿಂದ ಈಚೆಗೆ ತರೋಕೆ, ಅಲ್ಲೊಂದು ಲೈಟ್ ಹಾಕೋಕೆ ಅರ್ಜಿ ಕೊಟ್ಟಿದ್ದೀವಿ, ಲೈಟ್ ಬಂತು, ಸ್ಟಾಪ್ ಇನ್ನೂ ಬಂದಿಲ್ಲ, ಪ್ರತಿ ತಿಂಗಳು ಹೋಗಿ ಕೇಳ್ತಿದ್ದೀವಿ, ಬಿಡಲ್ಲ. ಈಗ ಪಕ್ಕದ ಊರಿನವರು ನಮ್ಮಲ್ಲಿಗೂ ಬನ್ನಿ ಅಂದಿದ್ದಾರೆ. ಅವರ ರಸ್ತೆ ನಾಲೆ ಪಕ್ಕದಲ್ಲೇ ಹೋಗುತ್ತೆ, ಬಹಳ ದೂರ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿಲಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರು, ಅದರಲ್ಲಿ ಸ್ಕೂಲ್ ಮಕ್ಕಳೂ ಇದ್ರು, ನಮ್ಮ ಜಿಲ್ಲೆಲಿ ಅದನ್ನ ಮರೆತವರಿಲ್ಲ. ಹಂಗಾಗಿ ಆ ಊರಲ್ಲಿ ಸುಣ್ಣದ ಗೆರೆ ಪಾಠ ಆಮೇಲೆ. ಮೊದಲು ನಾಲೆ ಪಕ್ಕ ಎಲ್ಲೆಲ್ಲಿ ಗೋಡೆ ಇಲ್ಲ ಅಂತ ಊರಿನವರ ಜೊತೆನೇ ನಡ್ಕೊಂಡು ಹೋಗಿ ಫೋಟೋ ತೆಗೆದು ಪಟ್ಟಿ ಮಾಡಿ ನೀರಾವರಿ ಇಲಾಖೆಗೂ ಪಂಚಾಯ್ತಿಗೂ ಕೊಡೋದು, ಗೋಡೆ ಬರೋ ತನಕ ಅಂಚಲ್ಲಿ ಗೂಟ ನೆಟ್ಟು ರೇಡಿಯಂ ಹೊಡೆಯೋದು, ಆಟೋದವರಿಗೆ ಆ ರಸ್ತೆಲಿ ಮಕ್ಕಳನ್ನ ತುಂಬ್ಕೊಂಡು ಹೋಗ್ಬೇಡಿ ಅಂತ ಅವರ ಸ್ಟ್ಯಾಂಡಿಗೇ ಹೋಗಿ ಕೂತು ಮಾತಾಡೋದು ಅಂತ ತೀರ್ಮಾನ ಮಾಡಿದ್ದೀವಿ. ಟ್ರ್ಯಾಕ್ಟರ್ ಮಾವನೂ ಬರ್ತೀನಿ ಅಂದಿದ್ದಾರೆ, ಹಲಗೆ ಮಾಡೋದು ಹೆಂಗೆ ಅಂತ ಅಲ್ಲಿನ ಕಬ್ಬಿನ ಗಾಡಿಯವರಿಗೆ ಅವರೇ ತೋರಿಸ್ತಾರಂತೆ.